ಯಾರಾದ್ರೂ ಬಂದ್ರೆ ಬೇಕಲ್ಲ

ನಮ್ಮ ರಾಯರು ತಮಗಾಗಿ ತಿಂದವರೇ ಅಲ್ಲ. ತಿನ್ನುವುದೆಲ್ಲ ಪರೋಪಕಾರಕ್ಕೆ. ಮೊಮ್ಮಗ ತಟ್ಟೆಯಲ್ಲಿ ಬಿಟ್ಟೆದ್ದ ಚಿತ್ರಾನ್ನವನ್ನು ಅನ್ನದೇವರ ಮರ್ಯಾದೆ ಕಾಯಲು ತಿನ್ನುತ್ತಾರೆ. ಬಾಣಲೆಯಿಂದ ತೆಗೆದ ಬೋಂಡವನ್ನು ಹೆಂಡತಿಗೆ ನೆರವಾಗಲು ತಿನ್ನುತ್ತಾರೆ. ಮೊದಲನೆಯದರಲ್ಲಿ ಉಪ್ಪು ನೋಡಿದರೆ ಎರಡನೆಯದರಲ್ಲಿ ಖಾರ. ಬ್ಯಾಂಕಿನಿಂದ ನಿವೃತ್ತರಾಗಿ ಬಸವನಗುಡಿಯ ಆಸುಪಾಸಿನಲ್ಲಿ ನೆಲೆಸಿರುವ ಇಂಥ ರಾಯರನ್ನು ನೀವೂ ಬಲ್ಲಿರಿ.

ಅವರಿಗೆ ತೂಕ ಇಳಿಸಲು ಡಾಕ್ಟರ ಅಪ್ಪಣೆಯಾಗಿದೆ. ಬಿಎಂಐ 25ರ ತನಕ ಪರವಾಗಿಲ್ಲವೆಂದು ರಾಯರು ಎಲ್ಲೋ ಓದಿದ್ದರು. ನಮ್ಮವರಿಗೆ 23 ದಾಟಿದರೇ ಅಧಿಕ ತೂಕ, ಗಂಡಸರ ಸೊಂಟ 90 ಸೆಂಟಿಮೀಟರ್ ಮೀರಬಾರದು ಎಂದು ಡಾಕ್ಟರು ಟೇಪು ಹಿಡಿದೇ ಹೇಳಿದರು. ಮನೆಯಲ್ಲಿ ಪಂಚೆ ಉಡುವವರಿಗೆ ಇದೆಲ್ಲ ತಿಳಿಯುವುದಾದರೂ ಹೇಗೆ? ಪಂಚೆಗೆ ಗುಂಡಿಯಿಲ್ಲ, ಅದು ದೂರು ಹೇಳುವುದಿಲ್ಲ.

ಪಥ್ಯಕ್ಕೂ ಮುಹೂರ್ತ ಬೇಕು. ಆಷಾಢದಲ್ಲಿ ಹೊಸದೇನನ್ನೂ ಶುರುಮಾಡುವಂತಿಲ್ಲ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿಯ ಒಬ್ಬಟ್ಟು, ಗೋಕುಲಾಷ್ಟಮಿಯ ಚಕ್ಕುಲಿ. ನೈವೇದ್ಯ ಬೇಡವೆನ್ನಲು ರಾಯರೇನು ನಾಸ್ತಿಕರೇ? ಭಾದ್ರಪದದಲ್ಲಿ ಕಡುಬು. ಚಳಿಗಾಲದಲ್ಲಿ ಅವರೆಕಾಯಿ. ಬೆಂಗಳೂರಿನಲ್ಲಿದ್ದು ಹಿತಕವರೆ ತಿನ್ನದಿರುವುದು ಪೌರಧರ್ಮವಲ್ಲ, ಇದನ್ನು ನಾನೂ ಒಪ್ಪುತ್ತೇನೆ. ಆದರೂ ಶನಿವಾರ ಒಪ್ಪತ್ತು ಹಿಡಿದಿದ್ದಾರೆ. ರಾತ್ರಿ ಅನ್ನ ಮುಟ್ಟುವುದಿಲ್ಲ, ದೋಸೆ ತಿನ್ನುತ್ತಾರೆ. ದೋಸೆಯಲ್ಲಿ ಮುಕ್ಕಾಲು ಪಾಲು ಅಕ್ಕಿಯೇ ಅಲ್ಲವೇ ಮಾವ ಎಂದ ಸೊಸೆಗೆ ಶಾಸ್ತ್ರ ಗೊತ್ತಿಲ್ಲವೆಂದು ತೀರ್ಮಾನವಾಯಿತು.

ಅವರ ಮನೆಯವರು ಜಾಣೆ. ಉಪದೇಶದ ಗೊಡವೆಗೆ ಹೋಗದೆ ಅಡುಗೆಮನೆಯನ್ನೇ ಬದಲಿಸಿದರು. ಕಣ್ಣು ಕಂಡದ್ದಕ್ಕೆ ಕೈ ಚಾಚುತ್ತದೆ. ಅದಕ್ಕೇ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹೊಳೆಯುತ್ತಿದ್ದ ಕೋಡುಬಳೆ ಸ್ಟೀಲ್ ಡಬ್ಬಿಗೆ ಹೋಯಿತು, ಬಾಟಲಿಗೆ ಹುರುಳಿಕಾಳು ಬಂತು. ಮೇಜಿನ ಮೇಲೆ ಹೆಚ್ಚಿದ ಸೌತೆಕಾಯಿ, ಹೆಸರುಕಾಳಿನ ಉಸಲಿ, ನೀರುಮಜ್ಜಿಗೆ. ಡಬ್ಬಿಯನ್ನೂ ಹುಡುಕಿಯೇ ಆರಿಸಿದ್ದರು. ಮುಚ್ಚಳ ಎಷ್ಟು ಬಿಗಿಯೆಂದರೆ, ತೆಗೆದರೆ ಹಾಲಿನಲ್ಲಿ ಟೀವಿ ನೋಡುವವರಿಗೂ ಕೇಳಬೇಕು.

ಮಧ್ಯಾಹ್ನ ಮೂರಕ್ಕೆ 'ಟಣ್' ಎಂದಿತು.

"ರೀ, ಏನದು?"

"ಏನಿಲ್ವೇ, ಮೆತ್ತಗಾಗಿದೆಯೇನೋ ಅಂತ ನೋಡ್ದೆ. ಯಾರಾದ್ರೂ ಬಂದ್ರೆ ಬೇಕಲ್ಲ."

"ಯಾರು ಬರ್ತಾರೆ?"

"ಬರೋರು ಹೇಳಿ ಬರ್ತಾರೇನೆ?"

ಈ 'ಯಾರಾದ್ರೂ' ರಾಯರ ಮನೆಯ ಖಾಯಂ ಅತಿಥಿ. ಇದುವರೆಗೂ ಅವನ ಮುಖ ಕಂಡವರಿಲ್ಲ. ಅವನಿಗೆ ನಿಪ್ಪಟ್ಟೆಂದರೆ ಇಷ್ಟ, ಕಾಂಗ್ರೆಸ್ ಕಡಲೆಕಾಯಿ ಎಂದರೆ ಪ್ರಾಣ. ಅವನ ಹೆಸರಿನಲ್ಲಿ ಕಾಂಡಿಮೆಂಟ್ಸ್ ಅಂಗಡಿಯಿಂದ ಪೊಟ್ಟಣಗಳು ಬಟ್ಟೆಚೀಲದೊಳಗೆ ಕೊತ್ತಂಬರಿ ಕಟ್ಟಿನ ಅಡಿ ಮಲಗಿ ಬರುತ್ತವೆ. ಅವನು ಬರುವುದಿಲ್ಲ. ಕಮಟು ಹಿಡಿದೀತಲ್ಲ ಎಂಬ ಕಾಳಜಿಯಿಂದ ರಾಯರೇ ಮುಗಿಸುತ್ತಾರೆ. ನಿಜವಾದ ನೆಂಟರು ಬಂದ ದಿನ ಡಬ್ಬಿ ಖಾಲಿ. ಅವರಿಗೆ ಸೌತೆಕಾಯಿ ಸಲ್ಲುತ್ತದೆ.

ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಹಿಟ್ಟು ಸಕ್ಕರೆಗಾದರೆ 4 ಎಂದು ಮಗಳು ಫೋನಿನಲ್ಲಿ ತಿಳಿಹೇಳಿದಳು. ಬ್ಯಾಂಕಿನವರಿಗೆ ಲೆಕ್ಕ ಹೇಳಿಕೊಡಬೇಕೇ? ಅರ್ಧಕ್ಕಿಂತ ಕಡಿಮೆ ಬಡ್ಡಿ! ಮರುದಿನದಿಂದ ಎಣ್ಣೆಯ ಸೋಂಕಿಲ್ಲದ ಬತ್ತಾಸು ತರತೊಡಗಿದರು.

ಡಬ್ಬಿಯನ್ನು ಅಟ್ಟಕ್ಕೇರಿಸಿ ಫಲವಿಲ್ಲ, ರಾಯರಿಗೆ ಸ್ಟೂಲು ಹತ್ತಲು ಬರುತ್ತದೆ. ಬಚ್ಚಿಡುವ ಕಷ್ಟವೇ ಬೇಡವೆಂದರೆ ಪೊಟ್ಟಣ ಹೊಸ್ತಿಲು ದಾಟಬಾರದು. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಸಾಮಾನು ತರಲು ಬೇರೆಯವರನ್ನು ಕಳಿಸಿ. ಅವರೇ ಹೋಗಬೇಕಾಗಿ ಬಂದರೆ ಹೊಟ್ಟೆತುಂಬ ಊಟ ಹಾಕಿ, ಚೀಟಿ ಬರೆದುಕೊಟ್ಟು, ಚಿಲ್ಲರೆ ಎಣಿಸಿ ಕೊಡಿ. ಯುಪಿಐ ಇರುವ ಫೋನನ್ನು ಮಾತ್ರ ಚಾರ್ಜಿಗೆ ಹಾಕಿಸಿ ಹೋಗಲು ಹೇಳಿ.