ಪಾಯ

ತಮಿಳುನಾಡಿನಲ್ಲಿ ಎಂಜಿನಿಯರಿಂಗ್ ಸೀಟಿನ ಕೌನ್ಸೆಲಿಂಗ್‌ಗೆ ಪ್ರವೇಶ ಪರೀಕ್ಷೆ ಇಲ್ಲ. 12ನೇ ತರಗತಿಯ ಗಣಿತಕ್ಕೆ 100, ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೆ ತಲಾ 50. ಒಟ್ಟು 200ರ ಕಟ್‌ಆಫ್. ಮೆಡಿಕಲ್‌ಗೆ ನೀಟ್, ಐಐಟಿಗೆ ಜೆಇಇ. ದಾರಿ ತೋರಿಸಲು 2022ರಿಂದ ಸರ್ಕಾರದ ‘ನಾನ್ ಮುದಲ್ವನ್’ ಯೋಜನೆಯಿದೆ. ಅಂದರೆ ‘ನಾನೇ ಮೊದಲಿಗ’. ಚೆನ್ನೈಯ ಮಾಂಬಲದ ಕನ್ನಡ ಮನೆಯೊಂದರಲ್ಲಿ ಇದೆಲ್ಲ ಸಂಜೆಯ ಫಿಲ್ಟರ್ ಕಾಫಿಯ ಜೊತೆಗೆ ಬರುತ್ತದೆ.

ಅಜ್ಜಿ: ಮಗು ಎಲ್ಲೋ?

ರಾಯರು: ಫೌಂಡೇಶನ್ ಕ್ಲಾಸಿಗೆ ಹೋಗಿದಾನಮ್ಮ.

ಅಜ್ಜಿ: ಆರನೇ ಕ್ಲಾಸಿಗೇ ಪಾಯ ತೋಡಿಸ್ತಿದೀಯಾ? ಎಲ್ಲಿಗೆ ಸೇರಿಸಬೇಕು ಅಂತ?

ರಾಯರು: ಐಐಟಿಗೆ. ಅಡ್ಯಾರ್ ಹತ್ರಾನೇ ಇದೆಯಲ್ಲ.

ಅಜ್ಜಿ: ಅಷ್ಟು ಹತ್ರಕ್ಕೆ ಆರು ವರ್ಷ ಮುಂಚೆ ಯಾಕೋ ಹೊರಡಿಸಿದೆ? ಬಸ್ಸಿಲ್ವಾ?

ರಾಯರು: ಕಾಂಪಿಟಿಷನ್ನಮ್ಮ! ಪಕ್ಕದ ಮನೆಯವರು ಐದನೇ ಕ್ಲಾಸಿಗೇ ಸೇರಿಸಿದಾರೆ.

ಅಜ್ಜಿ: ಅಯ್ಯೋ, ಎದುರು ಮನೆ ಸೊಸೆಗೆ ಈಗ ಏಳು ತಿಂಗಳು. ಬೇಗ ಹೇಳೋ, ಸೀಟು ತುಂಬೋದ್ರೆ ಕಷ್ಟ.

ರಾಯರು: ಕೆರಿಯರ್ ಕೌನ್ಸೆಲಿಂಗೂ ಮಾಡಿಸಿದೀನಿ.

ಅಜ್ಜಿ: ಕ್ಯಾರಿಯರ್ ಗೊತ್ತು ಕಣೋ, ದಿನಾ ಮೊಸರನ್ನ ತುಂಬೋಳು ನಾನೇ. ತಿನ್ನೋಕೆ ಪುರುಸೊತ್ತಿಲ್ದೆ ಹಾಗೇ ವಾಪಸ್ ತರ್ತಾನೆ.

ರಾಯರು: ಮಗುವಿನ ಆಸಕ್ತಿ ತಿಳಿಯೋಕೆ ಅರವತ್ತು ಪ್ರಶ್ನೆ ಕೊಟ್ಟಿದ್ರು.

ಅಜ್ಜಿ: ಬರೆದನಾ?

ರಾಯರು: ಅವನಿಗೆ ಟೈಮೆಲ್ಲಿ? ನಾನೇ ಬರೆದೆ. ಎಂಜಿನಿಯರ್ ಅಂತ ಬಂತು!

ಅಜ್ಜಿ: ಹಾಗಿದ್ರೆ ನೀನೇ ಸೇರ್ಕೊಳಪ್ಪ.

ಐಐಟಿ ಮದ್ರಾಸಿನ ಆನ್‌ಲೈನ್ ಡೇಟಾ ಸೈನ್ಸ್ ಬಿ.ಎಸ್. ಪದವಿಗೆ ಜೆಇಇ ಬೇಕಿಲ್ಲ. ವಯಸ್ಸಿನ ಮಿತಿಯೂ ಇಲ್ಲ.