ಬ್ರೇಕ್ ಉಳಿಸಿದ ಮಹಾನುಭಾವ

ಕಾರು ನಿಲ್ಲಿಸಲು ಬ್ರೇಕ್ ಬೇಕು ಎನ್ನುವುದು ಡ್ರೈವಿಂಗ್ ಸ್ಕೂಲಿನವರು ಹಬ್ಬಿಸಿದ ಮೂಢನಂಬಿಕೆ ಎಂದೇ ನಾನು ಬಹುಕಾಲ ತಿಳಿದಿದ್ದೆ. ನನ್ನ ಲೆಕ್ಕ ಸರಳ. ಬ್ರೇಕ್ ಒತ್ತಿದಷ್ಟೂ ಪ್ಯಾಡ್ ಸವೆಯುತ್ತದೆ, ಸವೆದರೆ ದುಡ್ಡು ಬಿಚ್ಚಬೇಕು. ಗೇರಾದರೋ ಕಾರಿನ ಜೊತೆಗೇ ಬಂದದ್ದು, ಎಷ್ಟು ಸಲ ಹಾಕಿದರೂ ಯಾರೂ ಬಾಡಿಗೆ ಕೇಳುವುದಿಲ್ಲ. ನಾಲ್ಕರಿಂದ ಮೂರು, ಮೂರರಿಂದ ಎರಡು ಎಂದು ಇಳಿಸುತ್ತ ಬಂದರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದಲ್ಲ, ಮತ್ತೇಕೆ ಪೆಡಲಿಗೆ ತೊಂದರೆ?

ಈ ವಿದ್ಯೆಗೆ ನನ್ನ ಗುರುಗಳು ರೇಸ್ ಓಡಿಸುವವರು. ಬಲಗಾಲಿನ ಮುಂಭಾಗದಲ್ಲಿ ಬ್ರೇಕ್, ಅದೇ ಕಾಲಿನ ಹಿಮ್ಮಡಿಯಲ್ಲಿ ಆಕ್ಸಿಲರೇಟರ್ ಒತ್ತುತ್ತ ಅವರು ಗೇರು ಇಳಿಸುವ ವಿಡಿಯೋಗಳನ್ನು ಭಕ್ತಿಯಿಂದ ನೋಡಿದೆ. ಅವರು ಬ್ರೇಕನ್ನೂ ಒತ್ತುತ್ತಾರೆ ಎಂಬುದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಹವಾಯಿ ಚಪ್ಪಲಿ ಹಾಕಿಕೊಂಡು ನಾನೂ ಅಭ್ಯಾಸಕ್ಕೆ ಕೂತೆ. ಚಪ್ಪಲಿ ಎರಡು ಪೆಡಲುಗಳ ನಡುವೆ ಸಿಕ್ಕಿಕೊಂಡಿತು. ಹಾಗಾಗಿ ಆಕ್ಸಿಲರೇಟರಿನ ಭಾಗವನ್ನು ಕೈಬಿಟ್ಟು ಬರೀ ಗೇರಿನ ಭಾಗವನ್ನು ಉಳಿಸಿಕೊಂಡೆ.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನನ್ನ ಸಿದ್ಧಾಂತಕ್ಕೆ ಮೊದಲ ವಿಮರ್ಶಕ ಸಿಕ್ಕಿದ. ಕೆಂಪು ದೀಪ ಕಂಡೊಡನೆ ಮೂರು, ಎರಡು, ಒಂದು ಎಂದು ಠೀವಿಯಿಂದ ಇಳಿಸಿದೆ. ಕಾರು ಗುರುಗುಟ್ಟಿ ತಗ್ಗಿತು. ಹಿಂದಿನಿಂದ ಧಡ್ ಎಂದು ಒಂದು ಆಟೋ ಬಂದು ಡಿಕ್ಕಿಯನ್ನು ಚುಂಬಿಸಿತು.

"ಏನ್ ಸ್ವಾಮಿ, ಲೈಟೇ ಉರೀಲಿಲ್ಲ, ನಿಂತೇಬಿಟ್ರಲ್ಲ! ನನಗೇನ್ ಕನಸು ಬೀಳುತ್ತಾ?"

ಬ್ರೇಕ್ ಪೆಡಲ್ ಒತ್ತಿದರೆ ಮಾತ್ರ ಹಿಂದಿನ ಕೆಂಪು ದೀಪ ಉರಿಯುತ್ತದೆ, ಗೇರು ಇಳಿಸಿದರೆ ಉರಿಯುವುದಿಲ್ಲ. ಈ ಸಣ್ಣ ಸಂಗತಿಯನ್ನು ಬದಿಗಿಟ್ಟು ನಾನು ಆತನಿಗೆ ಎಂಜಿನ್ ಬ್ರೇಕಿಂಗಿನ ತತ್ತ್ವ ವಿವರಿಸತೊಡಗಿದೆ. ಆತ ತಾಳ್ಮೆಯಿಂದ ಕೇಳಿ, "ನಿಮ್ಮ ಎಂಜಿನ್ನಿಗೆ ಗೊತ್ತಾದ್ರೆ ಸಾಕಾ? ಹಿಂದಿರೋನಿಗೆ ಗೊತ್ತಾಗ್ಬೇಡ್ವಾ?" ಎಂದು ಹೇಳಿ ಹೋದ.

ಸ್ವಲ್ಪ ಕಾಲದಲ್ಲೇ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುವುದು, ಕಾರು ಮಾತ್ರ ಕದಲದಿರುವುದು ಶುರುವಾಯಿತು. ಗ್ಯಾರೇಜಿನಲ್ಲಿ ಗೇರ್‌ಬಾಕ್ಸನ್ನೇ ಕೆಳಗಿಳಿಸಿ ಕ್ಲಚ್ ಪ್ಲೇಟ್ ತೆಗೆದು ತೋರಿಸಿದರು. ಅಂಚೆಲ್ಲ ಕಪ್ಪಾಗಿ, ಲೈನಿಂಗ್ ಸವೆದು, ರಿವೆಟ್ಟುಗಳು ಹಲ್ಲು ಕಿರಿಯುತ್ತಿದ್ದವು. ಎಂಜಿನ್ನಿನ ವೇಗ ಹೊಂದಿಸದೆ ಗೇರು ಇಳಿಸಿದಾಗಲೆಲ್ಲ ಆ ವ್ಯತ್ಯಾಸವನ್ನು ಪಾಪ ಕ್ಲಚ್ಚೇ ಉಜ್ಜಿಕೊಂಡು ಸರಿದೂಗಿಸಿತ್ತಂತೆ. "ಬ್ರೇಕ್ ಪ್ಯಾಡ್ ಮಾತ್ರ ಹೊಸದರ ಹಾಗಿದೆ ಸಾರ್" ಎಂದರು ಮೆಕ್ಯಾನಿಕ್. ನನಗೆ ಹೆಮ್ಮೆಯಾಯಿತು. ಬಿಲ್ಲು ನೋಡಿದ ಹೆಂಡತಿಗೆ ಆಗಲಿಲ್ಲ. "ರೀ, ಇನ್ಮೇಲೆ ಸುಮ್ನೆ ಬ್ರೇಕ್ ಒತ್ತಿ" ಎಂದು ಆಜ್ಞೆಯಾಯಿತು.

ಆಜ್ಞೆಯನ್ನು ವ್ರತದಂತೆ ಹಿಡಿದೆ. ಗೇರನ್ನು ಮುಟ್ಟಲೇಬಾರದು ಎಂಬ ಹಟ ಎಷ್ಟು ಬಲಿಯಿತೆಂದರೆ, ಮಾವನವರನ್ನು ಕೂರಿಸಿಕೊಂಡು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಾಗ ಆಗುಂಬೆ ಘಾಟಿಯ ತುದಿಯಲ್ಲೇ ಕಾರನ್ನು ನ್ಯೂಟ್ರಲ್ಲಿಗೆ ಹಾಕಿದೆ. ಇಳಿಜಾರು ಪುಕ್ಕಟೆ ಒಯ್ಯುವಾಗ ಪೆಟ್ರೋಲ್ ಏಕೆ ಸುಡಬೇಕು?

"ಎಂತ ಮಾರಾಯ್ರೆ, ಹತ್ತುವ ಗೇರಿನಲ್ಲೇ ಇಳೀಬೇಕು" ಎಂದರು ಮಾವ. ಹಳೆಯ ಜೀಪಿನ ಕಾಲದ ಮಾತು ಎಂದು ನಕ್ಕೆ. ಮುಂದಿದ್ದದ್ದು 14 ಹೇರ್‌ಪಿನ್ ತಿರುವುಗಳು.

ಕೆಲವು ತಿರುವು ದಾಟುವಷ್ಟರಲ್ಲಿ ಸುಟ್ಟ ವಾಸನೆ. "ಯಾರೋ ಕಾಡಲ್ಲಿ ಟಯರ್ ಸುಡ್ತಿದಾರೆ" ಎಂದು ಕಿಟಕಿ ಏರಿಸಿದೆ. ಆ ಯಾರೋ ನಮ್ಮ ಹಿಂದೆಯೇ ಬರುತ್ತಿದ್ದಂತಿತ್ತು. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಕಲಸಿದ ಹಿಟ್ಟಿನಲ್ಲಿ ಕಾಲಿಟ್ಟಂತೆ ಪೆಡಲ್ ಮೆತ್ತಗೆ ಒಳಹೋಯಿತು. ನನ್ನ ಬಾಯಿಂದ ಕುಲದೇವರ ಪೂರ್ತಿ ಹೆಸರು ಬಂತು.

"ಮೂರಕ್ಕೆ ಹಾಕಿ ಅಳಿಯಂದಿರೆ. ಹಾಂ, ಈಗ ಎರಡಕ್ಕೆ." ಎಲೆಯಡಿಕೆ ಕೇಳುವ ದನಿಯಲ್ಲಿ ಮಾವ ಹೇಳಿದರು. ಎಂಜಿನ್ ಅರಚಿತು, ಕಾರು ತಗ್ಗಿತು. ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆದು ಬದಿಗೆ ನಿಲ್ಲಿಸಿದೆವು. ಮುಂದಿನ ಚಕ್ರಗಳಿಂದ ಹೊಗೆ. ನಾನು ಬಾಟಲಿಯ ನೀರು ಸುರಿಯಲು ಓಡಿದೆ. "ಬೇಡ, ಕಾದ ಡಿಸ್ಕ್ ಸೊಟ್ಟಗಾಗ್ತದೆ" ಎಂದು ಅದನ್ನೂ ತಡೆದರು. ಕಟ್ಟೆಯ ಮೇಲಿದ್ದ ಮಂಗಗಳು ಸಾಲಾಗಿ ಕೂತು ನೋಡಿದವು.

ಚಕ್ರ ಆರುವ ತನಕ ಪಾಠವಾಯಿತು. 1,300 ಕಿಲೋ ತೂಕದ ಕಾರು 500 ಮೀಟರ್ ಕೆಳಗಿಳಿದರೆ ಹುಟ್ಟುವ ಶಾಖದಲ್ಲಿ ಸುಮಾರು 20 ಲೀಟರ್ ನೀರು ಕುದಿಸಬಹುದು. ಅಷ್ಟನ್ನೂ ಬ್ರೇಕಿನ ತಲೆಗೇ ಕಟ್ಟಿದರೆ ಪ್ಯಾಡ್ ಹಿಡಿತ ಬಿಡುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ. ಹೊಸ ಡಾಟ್ 4 ಆಯಿಲ್ 230 ಡಿಗ್ರಿಯವರೆಗೆ ತಡೆಯಬೇಕು. ತೇವ ಹೀರಿಕೊಂಡರೆ ಆ ಮಿತಿ 155ಕ್ಕೆ ಇಳಿಯಬಹುದು. ಕುದಿದಾಗ ಏಳುವ ಗುಳ್ಳೆಗಳನ್ನು ಅದುಮುವುದರಲ್ಲೇ ಪೆಡಲಿನ ಬಲವೆಲ್ಲ ಮುಗಿಯುತ್ತದೆ. ಕಣ್ಣಿಗೆ ಕಾಣದ ಆಯಿಲ್ಲಿಗೆ ದುಡ್ಡೇಕೆ ಎಂದು ನಾನು ಅದನ್ನು ಬದಲಿಸಿಯೇ ಇರಲಿಲ್ಲ.

ಗೇರಿನಲ್ಲಿ ಇಳಿದಿದ್ದರೆ? ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ದಾರಿ ಬಹುತೇಕ ಮುಚ್ಚುತ್ತದೆ. ಚಕ್ರಗಳು ಮಾತ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಇಲ್ಲದ ಗಾಳಿಯನ್ನು ಎಳೆಯಲು ಪಿಸ್ಟನ್ನುಗಳು ಒದ್ದಾಡುತ್ತವೆ, ಆ ಒದ್ದಾಟವೇ ಕಾರಿಗೆ ಕಡಿವಾಣ. ಇನ್ನು ನನ್ನ ಉಳಿತಾಯದ ಕತೆ: ಈಗಿನ ಕಾರುಗಳು ಗೇರಿನಲ್ಲಿ ಹಾಗೆ ಇಳಿಯುವಾಗ ಪೆಟ್ರೋಲನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಆರದಿರಲಿ ಎಂದು ಸುಡುತ್ತಲೇ ಇರುತ್ತವೆ.

ಸೋಮೇಶ್ವರದಲ್ಲಿ ಚಹಾ ಕುಡಿಯುವಾಗ ಕಾರಿನ ಕೀಲಿಕೈ ಮಾವನವರ ಅಂಗಿ ಜೇಬಿನಲ್ಲಿತ್ತು. ಅಳಿಯನ ಮಾನ ಕಾಯಲು ಅವರೇ ಬಾಯಿಬಿಟ್ಟರು: "ನಿಮ್ಮ ಗೇರೂ ಸರಿ, ಬ್ರೇಕೂ ಸರಿ. ಆ ಸಿಲ್ಕ್ ಬೋರ್ಡನ್ನ ತಂದು ಇಲ್ಲಿಟ್ಟು, ಆಗುಂಬೆಯನ್ನ ಒಯ್ದು ಅಲ್ಲಿಟ್ಟರೆ ನಿಮ್ಮಂಥ ಡ್ರೈವರ್ ಇಲ್ಲ ನೋಡಿ!"

ಈ ಕುರಿತು ಹೆದ್ದಾರಿಯವರಿಗೆ ಒಂದು ಅರ್ಜಿ ಹಾಕೋಣ ಎಂದಿದ್ದೇನೆ.