ಮೀನು ತರದ ಸ್ವಯಂಸೇವಕರು

ಕೊಕ್ಕರೆ ಬೆಳ್ಳೂರಿಗೆ ಮತ್ತೊಂದು ಎ.ಸಿ. ಬಸ್ಸು ಬಂದಿದೆ. ಇಳಿದವರೆಲ್ಲ ಒಂದೇ ಬಣ್ಣದ ಟೀಶರ್ಟ್ ತೊಟ್ಟಿದ್ದಾರೆ. ಎದೆಯ ಮೇಲೆ ಕಂಪನಿಯ ಹೆಸರು, ಬೆನ್ನ ಮೇಲೆ ಪಕ್ಷಿಪ್ರೀತಿ. ಪ್ರೀತಿ ಬೆನ್ನಿಗೇ ಇರಲಿ ಬಿಡಿ. ಎದೆಯಲ್ಲಿ ಜಾಗ ಖಾಲಿಯಿಲ್ಲ.

ಬಂದವರ ಮೊದಲ ಸೇವೆ ಬ್ಯಾನರ್ ಕಟ್ಟುವುದು. ಎಲ್ಲಿಗೆ? ಹುಣಸೆಮರಕ್ಕೆ. ಅದೂ ಮೊಳೆ ಹೊಡೆದು. ಮೇಲೆ ಹೆಜ್ಜಾರ್ಲೆ (ಪೆಲಿಕನ್) ಮರಿಗೆ ಗುಟುಕು ಕೊಡುತ್ತಿದೆ, ಕೆಳಗೆ ಫ್ಲೆಕ್ಸಿನಲ್ಲಿ 'ಮರ ಉಳಿಸಿ, ಪ್ಲಾಸ್ಟಿಕ್ ತ್ಯಜಿಸಿ' ಎಂದು ಅಚ್ಚಾಗಿದೆ. ಫ್ಲೆಕ್ಸ್ ಯಾವುದರಿಂದ ಮಾಡಿದ್ದು ಎಂದು ಕೇಳಬೇಡಿ. ಸೇವೆಗೆ ಬಂದವರನ್ನು ಪ್ರಶ್ನಿಸಬಾರದು.

ಆಮೇಲೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನಾಲ್ಕೈದು ಕಿಲೋ ತೂಗುವ ಹಕ್ಕಿ, ಮೂರು ಹೊತ್ತೂ ಮೀನು ತಿನ್ನುವ ಹಕ್ಕಿ, ಮಲ್ಲಿಗೆ ಉದುರಿಸೀತೆ? "ಛೆ, ಈ ವಾಸನೆಯಲ್ಲಿ ಜನ ಹೇಗಪ್ಪಾ ಇರ್ತಾರೆ?" ಎನ್ನುತ್ತಾರೆ ಒಬ್ಬರು. ಇದ್ದಾರೆ ಸ್ವಾಮಿ. ವರ್ಷದಲ್ಲಿ ಐದಾರು ತಿಂಗಳು, ಹಿತ್ತಿಲಿನಲ್ಲೇ, ತಲೆಯ ಮೇಲೇ. ಮರದಡಿ ಬಿದ್ದ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡು ಇದ್ದಾರೆ. ನಿಮ್ಮ ಬೀದಿಯಲ್ಲಿ ಕಾರಿನ ಮೇಲೆ ಕಾಗೆ ಹಿಕ್ಕೆ ಹಾಕಿತೆಂದು ಮರದ ಕೊಂಬೆ ಕಡಿಸಲು ಅರ್ಜಿ ಗುಜರಾಯಿಸುವವರು ನೀವೇ ಅಲ್ಲವೇ? ಇಲ್ಲಿಗೆ ಬಂದು ಹಳ್ಳಿಯವರಿಗೆ ಮರದ ಮಹತ್ವ ತಿಳಿಹೇಳುವವರೂ ನೀವೇ.

ತಿಳಿಹೇಳಿಸಿಕೊಳ್ಳುವ ಈ ಊರು ಯಾವುದು? ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಗೂಡುತಾಣವನ್ನು ಹೊರಜಗತ್ತಿನ ಗಮನಕ್ಕೆ ತರುವ ಎಷ್ಟೋ ಮೊದಲೇ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಂಡ ಊರು. ಆ ಊರಿನವರಿಗೆ ಈಗ ಪವರ್‌ಪಾಯಿಂಟ್‌ನಲ್ಲಿ ಜಾಗೃತಿ.

ಗೂಡಿನಿಂದ ಮರಿ ಬಿದ್ದರೆ ತಾಯಿ ಕೆಳಗಿಳಿದು ಎತ್ತಿಕೊಂಡು ಹೋಗುವುದಿಲ್ಲ. ಬಿದ್ದದ್ದು ನಾಯಿಯ ಪಾಲು, ಇಲ್ಲವೇ ಹಸಿವಿನ ಪಾಲು. ಹಾಗಾಗದಿರಲೆಂದು 1994ರಲ್ಲಿ ಮೈಸೂರಿನ ನಿಸರ್ಗಪ್ರಿಯರ ಜೊತೆ ಸೇರಿ ಊರಿನ ಹುಡುಗರು 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಬಿದ್ದ ಮರಿಯನ್ನು ಆವರಣದೊಳಗೆ ಬಿಟ್ಟು, ಗಾಯ ವಾಸಿಮಾಡಿ, ರೆಕ್ಕೆ ಬಲಿತು ಹಾರುವತನಕ ಮೀನು ಹಾಕುವುದು ಅವರ ಕೆಲಸ. ಸ್ವಯಂಸೇವೆ ಎಂದರೆ ಇಷ್ಟೇ. ಮೀನು ತರುವುದು. ಹಾಕುವುದು. ಗಲೀಜು ತೊಳೆಯುವುದು. ನಾಳೆಯೂ ಅದೇ. ಹೆಜ್ಜಾರ್ಲೆ ಮರಿಗೆ ಶನಿವಾರ, ಭಾನುವಾರ ಮಾತ್ರ ಹಸಿವಾಗುವ ಅಭ್ಯಾಸವಿಲ್ಲ.

ಬಸ್ಸಿನಲ್ಲಿ ಬಂದವರು ಏನು ತಂದಿದ್ದಾರೆ? ಡ್ರೋನು. ಟೋಪಿ. ಮುಳ್ಳುಚಮಚ ಸಮೇತ ಪ್ಯಾಕ್ ಮಾಡಿಸಿದ ಊಟ. ಮೀನು ಯಾರ ಕೈಯಲ್ಲೂ ಇಲ್ಲ. ಬ್ಯಾಗಿಗೆ ವಾಸನೆ ಹಿಡಿಯುತ್ತದಲ್ಲ!

ಲೆಕ್ಕದ ಮಾತಿಗೂ ಬರೋಣ. ಹುಣಸೆಹಣ್ಣು ಬಡಿಯುವ ಕಾಲಕ್ಕೆ ಸರಿಯಾಗಿ ಮರದ ತುಂಬ ಗೂಡು. ಬಡಿದರೆ ಮರಿ ಸಾಯುತ್ತದೆ, ಬಿಟ್ಟರೆ ವರ್ಷದ ಫಸಲು ಹೋಗುತ್ತದೆ. ಊರಿನವರು ಬಿಡುತ್ತಾರೆ. ಅದಕ್ಕೆ ಅರಣ್ಯ ಇಲಾಖೆ ಮರಕ್ಕಿಷ್ಟು ಎಂದು ಪರಿಹಾರ ಕೊಡುತ್ತದೆ. ಆ ದುಡ್ಡಿಗೆ ಸಂತೆಯಲ್ಲಿ ಎಷ್ಟು ಹುಣಸೆಹಣ್ಣು ಬರುತ್ತದೆ ಎಂದು ಪರಿಹಾರ ನಿಗದಿ ಮಾಡಿದವರೇ ಒಮ್ಮೆ ಹೋಗಿ ಕೊಂಡು ನೋಡಲಿ. ಅತ್ತ 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಪ್ರಾಣಿ, ಸಸ್ಯಗಳ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಟೀಶರ್ಟ್ ಇದೆಯೋ ಇಲ್ಲವೋ ನನಗೆ ಕಾಣಲಿಲ್ಲ.

ಇನ್ನು ಕೆರೆಗಳು. ಹಕ್ಕಿ ಗೂಡು ಕಟ್ಟುವುದು ಊರಿನಲ್ಲಿ, ಉಣ್ಣುವುದು ಸುತ್ತಲಿನ ಕೆರೆ, ಹೊಳೆಗಳಲ್ಲಿ. 2017-18ರ ಹಂಗಾಮಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಜಂತುಹುಳ. ತಿಂದ ಮೀನಿನೊಂದಿಗೆ ಒಳಗೆ ಹೋದದ್ದು. ಕಾಪಾಡಬೇಕಾದದ್ದು ಕೆರೆಯನ್ನೂ ಹೌದು ಎಂದು ಆಗಲಾದರೂ ಹೊಳೆಯಬೇಕಿತ್ತು. ಆದರೆ ಕೆರೆಯ ಕೊಳಚೆಯ ಮುಂದೆ ನಿಂತರೆ ಫೋಟೋ ಚೆನ್ನಾಗಿ ಬರುವುದಿಲ್ಲ. ಬಸ್ಸು ಅತ್ತ ತಿರುಗುವುದಿಲ್ಲ.

ಸರ್ಕಾರವೂ ಹಿಂದೆ ಬಿದ್ದಿಲ್ಲ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು, ತಾವಾಗಿಯೇ ಸಂರಕ್ಷಣೆಗೆ ಮುಂದೆ ಬಂದ ಸಮುದಾಯದ ಜಾಗವನ್ನು 'ಸಮುದಾಯ ಮೀಸಲು' ಎಂದು ಘೋಷಿಸುವ ದಾರಿ ತೆರೆಯಿತು. 2007ರಲ್ಲಿ ಕೊಕ್ಕರೆ ಬೆಳ್ಳೂರಿಗೆ ಆ ಹೆಸರು ಬಂತು. ಅಲ್ಲಿಗೆ, ತಲೆತಲಾಂತರದಿಂದ ಬಿಟ್ಟಿ ದುಡಿದವರು ಕಾನೂನುಬದ್ಧವಾಗಿ ಬಿಟ್ಟಿ ದುಡಿಯುವವರಾದರು.

ಮೂರು ಗಂಟೆಗೆ ಬಸ್ಸು ಹಾರ್ನ್ ಹೊಡೆಯುತ್ತದೆ, ಗೂಡುಗಳ ಕೆಳಗೇ ನಿಂತು. ಹೊರಡುವ ಮೊದಲು ಒಂದು ಕೆಲಸ ಬಾಕಿ. ಬಂದವರೆಲ್ಲ ಸ್ವಯಂಸೇವೆ ಮಾಡಿದ್ದಾರೆಂದು ಕಚೇರಿಗೆ ಪ್ರಮಾಣಪತ್ರ ಬೇಕು. ಅದಿಲ್ಲದಿದ್ದರೆ ವರ್ಷಾಂತ್ಯದ ಅಂಕದಲ್ಲಿ ಹೊಡೆತ ಬೀಳುತ್ತದೆ. ಅಚ್ಚು ಮಾಡಿಸಿಕೊಂಡೇ ಬಂದಿದ್ದಾರೆ. ಸಹಿಗೆ ಹುಡುಕಿದರೆ, ಆವರಣ ತೊಳೆಯುತ್ತಿದ್ದ ಹುಡುಗ ಸಿಕ್ಕಿದ. ಕೈ ಒರೆಸಿಕೊಂಡು ಬಂದ. ತಲಾ ಎಂಟು ಗಂಟೆಯ ಸೇವೆ ಎಂದು ಬರೆದಿತ್ತು. ಒಂದೊಂದಕ್ಕೂ ಸಹಿ ಹಾಕಿದ. ಕೊನೆಯವರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಮೀನಿನ ವಾಸನೆ ಬರುತ್ತಿದೆ, ಇನ್ನೊಂದು ಪ್ರತಿಗೆ ಸಹಿ ಹಾಕಿಕೊಡು ಎಂದರು.